ಮುಂದಿನ ಆದೇಶದವರೆಗೆ

ಕೋರ್ಟಿನ ಮೆಟ್ಟಿಲು ಹತ್ತಿದವರೆಲ್ಲರಿಗೂ ಪರಿಚಯವಿರುವ ಒಂದು ಮಾತುಂಟು: ‘ಮುಂದಿನ ಆದೇಶದವರೆಗೆ’. ವ್ಯವಹಾರದ ಜಗಳಗಳಲ್ಲಿ ಎಷ್ಟೋ ಸಲ ಅಂತಿಮ ತೀರ್ಪಿಗಿಂತ ಈ ಮಾತೇ ಹೆಚ್ಚು ತೂಕದ್ದಾಗುತ್ತದೆ. ತೀರ್ಪು ಬರಲು ವರ್ಷಗಳು ಬೇಕು. ತಡೆಯಾಜ್ಞೆ ಕೆಲವೇ ದಿನಗಳಲ್ಲಿ ಬರಬಹುದು. ಅದನ್ನು ಕೊಡುವಾಗ, ಕೊಟ್ಟದ್ದನ್ನು ಮುಂದುವರಿಸುವಾಗ ನ್ಯಾಯಾಲಯ ಏನನ್ನು ನೋಡುತ್ತದೆ? ಇದನ್ನು ತಿಳಿಯಲು ಹಾವೇರಿ ಸೀಮೆಯ ಒಂದು ಚರಿತ್ರೆಯಿಂದಲೇ ಆರಂಭಿಸೋಣ.

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದ ಮೇಲೆ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಅದಕ್ಕೆ ಬೇಕಾದ ಕಚ್ಚಾವಸ್ತು ಮರ. 1984ರ ನವೆಂಬರ್ 14ರಂದು ರಾಜ್ಯ ಸರ್ಕಾರವೂ ಈ ಕಂಪನಿಯೂ ಒಪ್ಪಂದ ಮಾಡಿಕೊಂಡು ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಎಂಬ ಹೊಸ ಸಂಸ್ಥೆಯನ್ನು ಹುಟ್ಟುಹಾಕಿದವು. ಸರ್ಕಾರದ ಪಾಲು ಶೇಕಡಾ 51, ಕಂಪನಿಯದು 49. ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಮೊದಲಾದ ಬೇಗ ಬೆಳೆಯುವ ಮರಗಳನ್ನು ನೆಡುವುದು ಯೋಜನೆ. ಕಾಗದದ ಮೇಲೆ ಅದು ಬರಿಯ ಭೂಮಿ. ಹಳ್ಳಿಯವರ ಪಾಲಿಗೆ ಅದು ದನ ಮೇಯುವ ಗೋಮಾಳ, ಒಲೆಗೆ ಪುಳ್ಳೆ ಸಿಗುವ ಗುಡ್ಡ.

ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದನ್ನು ವಿರೋಧಿಸಿತು. 1986ರ ಡಿಸೆಂಬರ್‌ನಲ್ಲಿ ಡಾ. ಶಿವರಾಮ ಕಾರಂತರೂ ಸೇರಿದಂತೆ ಹಲವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರ ಮಾರ್ಚ್ 24ರಂದು ತಡೆಯಾಜ್ಞೆ ಬಂತು: ಸಂಸ್ಥೆಗೆ ಇನ್ನು ಮುಂದೆ ಭೂಮಿ ಕೊಡಕೂಡದು.

ಇದು ಇಬ್ಬರು ವ್ಯಾಪಾರಿಗಳ ನಡುವಿನ ದಾವೆಯಲ್ಲ, ಸಾರ್ವಜನಿಕ ಹಿತಾಸಕ್ತಿಯ ಅರ್ಜಿ, ನಿಜ. ಆದರೆ ವಿವಾದದ ಬೇರು ಇದ್ದುದು ಒಂದು ವ್ಯವಹಾರದ ಒಪ್ಪಂದದಲ್ಲೇ. ಇನ್ನೊಂದು ಮಾತನ್ನೂ ಗಮನಿಸಿ. ಆ ಆಜ್ಞೆ ಮುಂದಿನ ಹಸ್ತಾಂತರವನ್ನು ತಡೆಯಿತೇ ಹೊರತು ಆಗಲೇ ನೆಟ್ಟಿದ್ದ ಸಸಿಗಳನ್ನು ಮುಟ್ಟಲಿಲ್ಲ. ತಡೆಯಾಜ್ಞೆ ಸಾಮಾನ್ಯವಾಗಿ ಇರುವುದನ್ನು ಇದ್ದಂತೆ ನಿಲ್ಲಿಸುತ್ತದೆ. ಆದದ್ದನ್ನು ಹಿಂದಕ್ಕೆ ತಿರುಗಿಸುವುದು ಅಪರೂಪ. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. 1991ರಲ್ಲಿ ಸಂಸ್ಥೆಯೇ ಮುಚ್ಚಿತು. ತಡೆಯಾಜ್ಞೆಯೊಂದರಿಂದಲೇ ಹೀಗಾಯಿತೆಂದು ಹೇಳುವುದು ತಪ್ಪು. ಚಳವಳಿಯ ಬಲ ದೊಡ್ಡದು. ಆದರೆ ಆ ನಾಲ್ಕು ವರ್ಷಗಳಲ್ಲಿ ಭೂಮಿ ಕೈ ಬದಲಾಗಿದ್ದರೆ, ಉಳಿಸಿಕೊಳ್ಳಲು ಏನು ಉಳಿಯುತ್ತಿತ್ತು?

ಈ ಪ್ರಶ್ನೆಯೇ ತಡೆಯಾಜ್ಞೆಯ ಜೀವಾಳ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ ದಾವೆಗಳಲ್ಲಿ ಇಂಥ ಆಜ್ಞೆಗೆ ಆಧಾರ. ನ್ಯಾಯಾಲಯ ಮೂರು ಅಂಶಗಳನ್ನು ತೂಗುತ್ತದೆ. ಮೇಲ್ನೋಟಕ್ಕೆ ವಾದಿಯ ಮಾತಿನಲ್ಲಿ ಹುರುಳಿದೆಯೇ? ಆಜ್ಞೆ ಕೊಟ್ಟರೆ ಒಬ್ಬನಿಗೆ, ಕೊಡದಿದ್ದರೆ ಇನ್ನೊಬ್ಬನಿಗೆ ಆಗುವ ತೊಂದರೆಯಲ್ಲಿ ಯಾವುದು ಹೆಚ್ಚು? ಆಗುವ ನಷ್ಟ ಹಣದಿಂದ ತುಂಬಿಕೊಡಲಾಗದಂಥದೇ?

ನಾನು ಓದಿದ್ದು ವಿಜ್ಞಾನ. ಪ್ರಯೋಗಶಾಲೆಯಲ್ಲಿ ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ ತೂಕ ಬರೆದುಕೊಂಡರೆ ಮೇಷ್ಟ್ರು ಒಪ್ಪುತ್ತಿರಲಿಲ್ಲ. ನ್ಯಾಯಾಧೀಶರಿಗೆ ಆ ಸೌಲಭ್ಯವಿಲ್ಲ. ಸಾಕ್ಷಿ ವಿಚಾರಣೆ ಆಗಿರುವುದಿಲ್ಲ, ಮುಳ್ಳು ಇನ್ನೂ ಓಲಾಡುತ್ತಿರುತ್ತದೆ. ಆದರೂ ಅಂದಿನ ಮಟ್ಟಿಗೆ ತೂಕ ಹೇಳಲೇಬೇಕು. ಆದ್ದರಿಂದಲೇ ಅದು ತಾತ್ಕಾಲಿಕ.

ಬ್ಯಾಡಗಿಯ ಪೇಟೆಯಲ್ಲಿ ಇಬ್ಬರು ಪಾಲುದಾರರು ಜಗಳವಾಡಿದರೆಂದು ಊಹಿಸಿಕೊಳ್ಳಿ. ಶೀತಲಗೃಹದಲ್ಲಿರುವ ಮೆಣಸಿನಕಾಯಿ ಚೀಲಗಳನ್ನು ಮಾರದಂತೆ ತಡೆಯಿರಿ ಎಂದು ಒಬ್ಬ ಕೇಳುತ್ತಾನೆ. ಚೀಲಗಳ ಬೆಲೆ ಲೆಕ್ಕಕ್ಕೆ ಸಿಗುತ್ತದೆ. ಮಾರಾಟದ ಹಣವನ್ನು ಕೋರ್ಟಿನಲ್ಲಿ ಠೇವಣಿ ಇಡಿಸಿದರೂ ನ್ಯಾಯ ಕಾದಂತೆಯೇ. ಮೇಲಾಗಿ ಹೆಚ್ಚು ದಿನ ಇಟ್ಟರೆ ಕಾಯಿಯ ಬಣ್ಣ ಮಾಸುತ್ತದೆ, ನಷ್ಟ ಇಬ್ಬರಿಗೂ. ಆದರೆ ಒಬ್ಬ ಪಾಲುದಾರ ಇನ್ನೊಬ್ಬನ ಅಂಗಡಿಯ ಹೆಸರನ್ನೇ ಹಚ್ಚಿ ಕಳಪೆ ಮಾಲು ಮಾರತೊಡಗಿದರೆ? ಹೋದ ಹೆಸರಿಗೆ ಬೆಲೆ ಕಟ್ಟುವುದು ಹೇಗೆ? 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದೂ ಹೆಸರಿಗೆ ಬೆಲೆಯುಂಟು ಎಂಬುದಕ್ಕೇ.

ಇನ್ನು ಆಜ್ಞೆಯನ್ನು ಮುಂದುವರಿಸುವ ಮಾತು. ತಡಮಾಡಿದರೆ ಉದ್ದೇಶವೇ ಕೆಡುವಂತಿದ್ದರೆ ಮಾತ್ರ ಎದುರು ಪಕ್ಷವನ್ನು ಕೇಳದೆ ಆಜ್ಞೆ ಕೊಡಬಹುದು. ಅದಕ್ಕೆ ಕಾರಣ ಬರೆಯಬೇಕು. 1976ರ ತಿದ್ದುಪಡಿ ಇನ್ನೊಂದು ಕಟ್ಟು ಹಾಕಿತು: ಅಂಥ ಅರ್ಜಿಯನ್ನು 30 ದಿನಗಳಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕು, ಆಗದಿದ್ದರೆ ಕಾರಣ ದಾಖಲಿಸಬೇಕು. 31ನೇ ದಿನ ಆಜ್ಞೆ ತಾನಾಗಿ ಸಾಯುವುದೇ? ಇಲ್ಲ, ಆದರೆ ನೊಂದವನು ಮೇಲ್ಮನವಿ ಸಲ್ಲಿಸಬಹುದು ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತು. 2018ರಲ್ಲಿ ಅದೇ ನ್ಯಾಯಾಲಯ, ವಿಚಾರಣೆಗೆ ತಂದ ತಡೆಗಳು ಆರು ತಿಂಗಳಿಗೆ ತಾವಾಗಿ ತೆರವಾಗಲಿ ಎಂದಿತು. 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ನಿಯಮವನ್ನು ತೆಗೆದುಹಾಕಿತು. ನ್ಯಾಯಾಲಯದ ಕೆಲಸ ತಡವಾದದ್ದಕ್ಕೆ ಕಕ್ಷಿದಾರ ದಂಡ ತೆರಬಾರದಷ್ಟೆ!

ಕೇಳುವವನ ಕೈ ಶುದ್ಧವಿರಬೇಕೆಂಬುದೂ ಮುಖ್ಯ. ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಕಂಪನಿಗಳ ವ್ಯಾಜ್ಯದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು, ಆಜ್ಞೆ ಬೇಡುವವನಷ್ಟೇ ಅಲ್ಲ, ಅದನ್ನು ತೆರವುಗೊಳಿಸಿ ಎನ್ನುವವನ ನಡತೆಯನ್ನೂ ಪರಿಶೀಲಿಸಬೇಕೆಂದಿತು. ಸಂಗತಿ ಬದಲಾದರೆ ಅಥವಾ ಅನಗತ್ಯ ಸಂಕಟವಾದರೆ ಆಜ್ಞೆಯನ್ನು ಮಾರ್ಪಡಿಸಬಹುದು, ರದ್ದೂ ಮಾಡಬಹುದು. ಸುಳ್ಳು ಹೇಳಿ ಪಡೆದ ಆಜ್ಞೆಯೂ ರದ್ದಾಗಬಹುದು.

ಹೀಗಾಗಿ, ಓದುಗರೇ, ತಡೆಯಾಜ್ಞೆ ಸಿಕ್ಕಿತೆಂದು ಪೆಡೆ ಹಂಚುವವರನ್ನು ಕಂಡರೆ ಅವಸರಪಡಬೇಡಿ ಎನ್ನಿ. ಅದು ಗೆಲುವಲ್ಲ, ಗೆಲುವು ಯಾರದೇ ಆಗಲಿ ಅದಕ್ಕೆ ಅರ್ಥ ಉಳಿಯಲೆಂದು ಮಾಡಿದ ಏರ್ಪಾಡು. ಅಂದು ಗುಡ್ಡದಲ್ಲಿ ಪುಳ್ಳೆ ಆಯುತ್ತಿದ್ದವಳಿಗೆ 39ನೇ ಆದೇಶ ಗೊತ್ತಿರಲಿಲ್ಲ. ತೀರ್ಪು ಬರುವ ಹೊತ್ತಿಗೆ ಗುಡ್ಡ ಇರಬೇಕು ಎಂಬುದು ಮಾತ್ರ ಗೊತ್ತಿತ್ತು. ಕಾನೂನು ಹೇಳುವುದೂ ಅದನ್ನೇ.