ಗಡಿಯಜ್ಜನ ಬಹುಧಾನ್ಯ ಸಂವತ್ಸರ

ಉತ್ತರ ಕರ್ನಾಟಕದಿಂದ ಬಂದು ಪುಣೆ, ಮುಂಬಯಿಗಳಲ್ಲಿ ನೆಲೆನಿಂತ ಕನ್ನಡ ಮನೆತನಗಳಲ್ಲಿ ಶೂರ ಪೂರ್ವಜನೊಬ್ಬನಿಲ್ಲದ ಮನೆ ಸಿಗುವುದು ಕಷ್ಟ. ಒಬ್ಬರ ಹಿರಿಯನು ಕಿತ್ತೂರು ಕಾಳಗದಲ್ಲಿ ಬಂದೂಕು ಹಿಡಿದವನು. ಇನ್ನೊಬ್ಬರವನು ನರಗುಂದದ ಬಾಬಾಸಾಹೇಬನ ಗುಪ್ತ ಕಾಗದಗಳನ್ನು ಒಯ್ದವನು. ನಮ್ಮ ಮನೆಯ ಶೂರನಿಗೆ ಗಡಿಯಜ್ಜ ಎಂದು ಹೆಸರು. ನಮ್ಮಿಂದ ಹಿಂದಕ್ಕೆ ಎಣಿಸಿದರೆ ಏಳನೆಯ ತಲೆ. ಪೇಶ್ವೆ ನಾನಾಸಾಹೇಬನಿಂದ ಹೊಲವನ್ನು ಇನಾಮಾಗಿ ಪಡೆದವನೂ ಅವನೇ, ತುಂಗಭದ್ರೆಯ ದಂಡೆಯಲ್ಲಿ ಮನ್ರೋ ಸಾಹೇಬನ ಕುದುರೆಯನ್ನು ಲಗಾಮು ಹಿಡಿದು ನಿಲ್ಲಿಸಿದವನೂ ಅವನೇ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. "ನಮ್ಮ ಅಜ್ಜ ಸಾಹೇಬಗ ಸುಂಕಾ ಕೊಟ್ಟು ಮುಂದ ಹೋಗು ಅಂದಿದ್ನಂತ" ಎಂದು ನಮ್ಮ ದೊಡ್ಡ ಕಾಕಾ ಹೇಳುವಾಗ ಅವರ ಮೀಸೆ ಈಗಲೂ ಕುಣಿಯುತ್ತದೆ.

ಕಥೆ ಚೆನ್ನಾಗಿದೆ. ಆದರೆ ಲೆಕ್ಕ ಕೂಡುವುದಿಲ್ಲ. ನಾನಾಸಾಹೇಬ ಪೇಶ್ವೆ ತೀರಿಕೊಂಡದ್ದು 1761ರಲ್ಲಿ. ಮನ್ರೋ ಸೇನೆ ಕಟ್ಟಿಕೊಂಡು ಗದಗ, ಡಂಬಳಗಳನ್ನು ಹಿಡಿದದ್ದು 1818ರ ಜನವರಿಯಲ್ಲಿ. ಇನಾಮು ಪಡೆದಾಗ ಅಜ್ಜನಿಗೆ ಇಪ್ಪತ್ತೇ ವರ್ಷ ಎಂದು ಹಿಡಿದರೂ, ಸಾಹೇಬನ ಲಗಾಮಿಗೆ ಕೈಹಾಕುವ ಹೊತ್ತಿಗೆ ಎಂಬತ್ತರ ಹತ್ತಿರ ಬಂದಿರಬೇಕು. ಕಾಲೇಜಿನಲ್ಲಿ ನಾಲ್ಕು ದಿನ ವಿಜ್ಞಾನ ಓದಿದವರಿಗೆ ಇದು ಹಲ್ಲಿನಲ್ಲಿ ಸಿಕ್ಕ ನಾರಿನಂತೆ. ತೆಗೆಯುವವರೆಗೆ ಸಮಾಧಾನವಿಲ್ಲ.

ಗದುಗಿನ ಹಳೆಯ ಮನೆಯನ್ನು ಮಾರುವಾಗ ಕಾಕಾ ಅವರ ಪಾಲಿಗೆ ಬಂದ ತಗಡಿನ ಟ್ರಂಕಿನಲ್ಲಿ ಈ ಅಜ್ಜನಿಗೆ ಸಂಬಂಧಿಸಿದ ಮೂರು ವಸ್ತುಗಳಿದ್ದವು. ಒಂದು, ನಾಲ್ಕು ಮಡಿಕೆಯ ಉದ್ದನೆಯ ಮೋಡಿ ಕಾಗದ, ಮಡಿಕೆಗಳಲ್ಲಿ ಸವೆದದ್ದು. ಎರಡು, ಇನಾಮು ಕಮಿಶನ್ನಿನ ಮುಂದೆ ಕೊಟ್ಟ ಕೈಫಿಯತ್ತಿನ ನಕಲು ಮತ್ತು ಅದಕ್ಕೆ ಹೊಲಿದ ತೀರ್ಪಿನ ನಕಲು. ಮೂರು, ಒಂದು ಕಡತ. ಇಂದಿನ ಮಕ್ಕಳಿಗೆ ಕಡತವೆಂದರೆ ಆಫೀಸಿನ ಫೈಲು. ಹಿಂದೆ ಅದು ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿದ ಬಟ್ಟೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಪಂಚಾಂಗದ ಓಲೆಯಂತೆ ಹಿಂದೆ ಮುಂದೆ ಮಡಚಿ ಇಡುವುದು ರೂಢಿ.

ಆ ಕಾಗದಗಳಿಗಿಂತ ಮೊದಲು ಗಡಿ ಎಂದರೆ ಯಾವ ಗಡಿ ಎಂಬುದನ್ನು ಹೇಳಬೇಕು. ನಮ್ಮ ಊರು ಮುಂಡರಗಿ ಸೀಮೆಯಲ್ಲಿ, ಹೊಳೆಯ ಈಚೆಯ ದಂಡೆಯಲ್ಲಿದೆ. 1800ರಲ್ಲಿ ನಿಜಾಮನು ಬಳ್ಳಾರಿ, ಕಡಪೆ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಆಚೆಯ ದಂಡೆಯಲ್ಲಿ ಮದ್ರಾಸಿನ ಆಡಳಿತ ಬಂತು. ಈಚೆಗೆ ಪೇಶ್ವೆಯ ಹೆಸರಿನ ಆಡಳಿತ. ಮೂಡಣಕ್ಕೆ ನಡೆದರೆ ಕೊಪ್ಪಳ, ಅಲ್ಲಿಂದ ನಿಜಾಮನ ರಾಜ್ಯ. ಮೂರೂ ಕಡೆ ಮಾತಾಡುವುದು ಕನ್ನಡವೇ, ಬೀಗತನವೂ ಮೂರೂ ಕಡೆ. ಆದರೆ ಒಂದು ಹರಿಗೋಲು ಹೊಳೆ ದಾಟಿದರೆ ಸರಕಾರ ಬೇರೆ, ನಾಣ್ಯ ಬೇರೆ, ಅಳತೆ ಬೇರೆ. ಸುಂಕವಂತೂ ಎರಡೂ ದಂಡೆಯಲ್ಲಿ. ಈಚೆಯಲ್ಲಿ ಕಳವು ಮಾಡಿದವನು ರಾತ್ರಿಯೇ ಕೊಪ್ಪಳದ ಸೀಮೆ ಸೇರಿಬಿಟ್ಟರೆ ಯಾರೂ ಕೇಳುವಂತಿರಲಿಲ್ಲ.

ಅಷ್ಟೇ ಅಲ್ಲ, ಈಚೆಯ ದಂಡೆಯ ಒಡೆತನವೂ ಒಂದೇ ಸಮ ಇರಲಿಲ್ಲ. ಇದು ಮೊದಲು ಸವಣೂರು ನವಾಬನ ಸೀಮೆ. ನವಾಬನು ಸೋತು 1756ರ ಹೊತ್ತಿಗೆ ತನ್ನ ನಾಡಿನ ಬಹುಭಾಗವನ್ನು ಪೇಶ್ವೆಗೆ ಬಿಟ್ಟುಕೊಡಬೇಕಾಯಿತು. 1778ರಲ್ಲಿ ಹೈದರಲಿ ಧಾರವಾಡವನ್ನು ಹಿಡಿದ. ಅವನ ಬಳಿಕ ಟೀಪು. ಪರಶುರಾಮಭಾವು ಪಟವರ್ಧನ 1791ರಲ್ಲಿ ಧಾರವಾಡದ ಕೋಟೆಯನ್ನು ತೆಗೆದುಕೊಂಡ, ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ನಾಡು ಮತ್ತೆ ಪೇಶ್ವೆಗೆ ಬಂತು. 1818ರಲ್ಲಿ ಕಂಪನಿ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಆಳುವವರು ಐದು ಸಲ ಬದಲಾದ ನೆಲ ಇದು.

ಇನ್ನು ಕಾಗದ. ಮೋಡಿ ಲಿಪಿಯನ್ನು ಓದಬಲ್ಲವರು ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇಲ್ಲ. ಅದರ ಬರವಣಿಗೆಯೇ ವಿಚಿತ್ರ. ಮೊದಲು ಹಾಳೆಯ ಉದ್ದಕ್ಕೂ ಒಂದು ಗೆರೆ ಎಳೆಯುವುದು, ಆಮೇಲೆ ಲೇಖನಿಯನ್ನು ಎತ್ತದಂತೆ ಆ ಗೆರೆಗೆ ಅಕ್ಷರಗಳನ್ನು ತೂಗುಹಾಕುತ್ತ ಹೋಗುವುದು. ಪದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ತಿಳಿಯದು. ಇಲ್ಲಿ ನಮಗೆ ಪುಣೆಯಲ್ಲಿರುವ ಭಾಗ್ಯ ಒದಗಿತು. ಪೇಶ್ವೆ ದಫ್ತರ ಇರುವ ಊರು ಇದು. ಮೂವತ್ತೊಂಬತ್ತು ಸಾವಿರಕ್ಕೂ ಹೆಚ್ಚು ರುಮಾಲುಗಳು, ಅಂದರೆ ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳು, ಅಲ್ಲಿ ಇವೆ. ಹೆಚ್ಚಿನವು ಮೋಡಿಯವೇ. ನಮ್ಮ ಧಾರವಾಡ, ಬೆಳಗಾವಿ ಸೀಮೆಗಳ ಲೆಕ್ಕಪತ್ರಗಳು ನಮ್ಮ ಬಾಡಿಗೆ ಮನೆಗಳಿಂದ ಒಂದು ಬಸ್ಸಿನ ದೂರದಲ್ಲಿ ಇವೆ ಎಂಬುದು ಇಲ್ಲಿನ ಎಷ್ಟು ಕನ್ನಡಿಗರಿಗೆ ಗೊತ್ತು? ಅಲ್ಲಿ ನಮ್ಮ ಅಜ್ಜನ ಹೆಸರು ಸಿಗಲಿಲ್ಲ, ಸಿಕ್ಕೀತೆಂಬ ಆಸೆಯೂ ಇರಲಿಲ್ಲ. ಸಿಕ್ಕದ್ದು ಮೋಡಿ ಬಲ್ಲ ಹಿರಿಯರೊಬ್ಬರ ಪರಿಚಯ. ಅವರು ಎರಡು ಭಾನುವಾರ ನಮ್ಮ ಮನೆಗೆ ಬಂದು, ಚಹಾದ ಹೊರತು ಏನನ್ನೂ ಮುಟ್ಟದೆ, ಆ ಹಾಳೆಯನ್ನು ಓದಿಕೊಟ್ಟರು.

ಅದು ಹೊಳೆಯ ದಂಡೆಯ ಸುಂಕದಕಟ್ಟೆಯ ಕಾರಕೂನನಿಗೆ ಬರೆದ ಹುಕುಮು. ಹಿಂದಿನಂತೆ ಕೆಲಸ ನಡೆಸಬೇಕು, ಲೆಕ್ಕ ತಿಂಗಳಿಗೊಮ್ಮೆ ಒಪ್ಪಿಸಬೇಕು, ಹೊಟ್ಟೆಪಾಡಿಗೆ ಇಂಥ ಹೊಲವನ್ನು ಅನುಭವಿಸಿಕೊಂಡಿರಬೇಕು ಎಂದು ಒಕ್ಕಣೆ. ಕಾಲ ಬಹುಧಾನ್ಯ ಸಂವತ್ಸರ, ಭಾದ್ರಪದ ಮಾಸ. ಶಕವರ್ಷದ ಅಂಕೆ ಇಲ್ಲ.

ಗಂಟು ಬಿದ್ದದ್ದು ಇಲ್ಲಿಯೇ. ಸಂವತ್ಸರಗಳು ಅರವತ್ತು, ಅರವತ್ತು ತಿರುಗಿದ ಮೇಲೆ ಅದೇ ಹೆಸರು ಮತ್ತೆ ಬರುತ್ತದೆ. 1758 ಬಹುಧಾನ್ಯ, 1818 ಬಹುಧಾನ್ಯ. ಮೊದಲನೆಯದಾದರೆ ನಾನಾಸಾಹೇಬನ ಕಾಲ, ಎರಡನೆಯದಾದರೆ ಮನ್ರೋ ಗೆದ್ದ ವರ್ಷ.

ಅದೃಷ್ಟಕ್ಕೆ ಮರಾಠಿ ದಫ್ತರದ ಕಾಗದಗಳಲ್ಲಿ ಇನ್ನೊಂದು ಕಾಲಗಣನೆಯೂ ಇರುತ್ತದೆ. ಅದು ಶುಹೂರ್ ಸನ. ಮೃಗಶಿರಾ ಮಳೆ ಹೂಡುವಾಗ, ಜೂನಿನ ಮೊದಲ ವಾರದಲ್ಲಿ, ಅದರ ವರ್ಷ ಮೊದಲಾಗುತ್ತದೆ. ಜೂನಿನಿಂದ ಡಿಸೆಂಬರಿನವರೆಗಿನ ತಿಂಗಳಾದರೆ ಅದಕ್ಕೆ 599 ಕೂಡಿಸಬೇಕು, ನಮ್ಮ ಇಸವಿ ಸಿಗುತ್ತದೆ. ಆದರೆ ಅದನ್ನು ಅಂಕೆಯಲ್ಲಿ ಬರೆಯುವುದಿಲ್ಲ. ಅರಬ್ಬಿ ಪದಗಳಲ್ಲಿ, ಬಿಡಿಯಿಂದ ಸಾವಿರದ ಕಡೆಗೆ ಬರೆಯುತ್ತಾರೆ. 1159 ಆದರೆ 'ತಿಸಾ ಖಮಸೈನ್ ಮಯಾ ವ ಅಲಫ್', ಅಂದರೆ ಒಂಬತ್ತು, ಐವತ್ತು, ನೂರು ಮತ್ತು ಸಾವಿರ. ಅದು 1758. 1219 ಆದರೆ 'ತಿಸಾ ಅಶರ್ ಮಯಾತೈನ್ ವ ಅಲಫ್', ಒಂಬತ್ತು, ಹತ್ತು, ಇನ್ನೂರು ಮತ್ತು ಸಾವಿರ. ಅದು 1818. ಎರಡಕ್ಕೂ ಅರವತ್ತೇ ವರ್ಷದ ಅಂತರವಾದ್ದರಿಂದ ಮೊದಲ ಪದ ಎರಡರಲ್ಲೂ ತಿಸಾ! ನಮ್ಮ ಹಾಳೆಯಲ್ಲಿ ತಿಸಾ ಸ್ಪಷ್ಟವಾಗಿದೆ. ಎರಡನೆಯ, ಮೂರನೆಯ ಪದಗಳ ಮೇಲೆಯೇ ಮಡಿಕೆ ಬಿದ್ದು ಸವೆದಿದೆ.

ಕೈಫಿಯತ್ತನ್ನು ಓದಿದಾಗ ಮಡಿಕೆ ಅಲ್ಲಿಯೇ ಏಕೆ ಅಷ್ಟು ಸವೆಯಿತೆಂಬ ಸಂಶಯ ಬರದೆ ಇರಲಿಲ್ಲ. ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮುಗಳ ವಿಚಾರಣೆ 1843ರಲ್ಲಿ ಶುರುವಾಯಿತು. 1852ರ ಹನ್ನೊಂದನೆಯ ಕಾಯಿದೆಯಿಂದ ಅದಕ್ಕೆ ಕಾನೂನಿನ ಬಲ ಬಂತು. ಸನದು ಇಲ್ಲದವರಿಗೆ ಅದರ ನಿಯಮ ಸುಮಾರಾಗಿ ಹೀಗಿತ್ತು: ಕಂಪನಿ ಬರುವ ಮೊದಲು 60 ವರ್ಷ ಎಡೆಬಿಡದೆ ಭೂಮಿ ಅನುಭೋಗದಲ್ಲಿರಬೇಕು, ಕಂಪನಿ ಬಂದಾಗ ಮೊದಲು ಪಡೆದವನ ಮೊಮ್ಮಗನೋ ಅವನ ಗಂಡುಸಂತತಿಯೋ ಅದನ್ನು ಅನುಭವಿಸುತ್ತಿರಬೇಕು. ಆಗ ವಂಶದ ಗಂಡುಸಂತಾನ ಇರುವವರೆಗೆ ಭೂಮಿಗೆ ತೆರಿಗೆಯ ಮಾಫಿ. ಗಡಿಯಜ್ಜನ ಮಗ 1856ರಲ್ಲಿ ಕಮಿಶನ್ನಿನ ಮುಂದೆ ನಿಂತು ಬರೆಸಿದ್ದು ಈ ನಿಯಮಕ್ಕೆ ಹೊಲಿಸಿದ ಅಂಗಿಯಂತಿದೆ. 'ಬಹುಧಾನ್ಯ ಸಂವತ್ಸರದಲ್ಲಿ ನಾನಾಸಾಹೇಬ ಪಂತಪ್ರಧಾನರು ನಮ್ಮ ಮುತ್ತಜ್ಜನಿಗೆ ಕೊಟ್ಟದ್ದು, ಅವನ ಮೊಮ್ಮಗನಾದ ನಮ್ಮ ತಂದೆ ಕಂಪನಿ ಬಂದಾಗ ಅನುಭವಿಸುತ್ತಿದ್ದನು' ಎಂದು. ಅರವತ್ತು ವರ್ಷವೂ ಆಯಿತು, ಮೊಮ್ಮಗನೂ ಆದ.

ತೀರ್ಪು ಚಿಕ್ಕದು. ತಾರೀಖಿನ ಎರಡನೆಯ ಪದ ಅಶರ್, ಖಮಸೈನ್ ಅಲ್ಲ. ಕಾಗದ ಕಂಪನಿ ಸರಕಾರದ ಮೊದಲ ವರ್ಷದ್ದು. ಭೂಮಿ ಚಾಕರಿಗೆ ಕೊಟ್ಟದ್ದು, ಚಾಕರಿ ಈಗಿಲ್ಲ. ಪೂರ್ಣ ಆಕಾರ ಕಟ್ಟತಕ್ಕದ್ದು. ಆಗ ಆ ಪದ ಓದಲು ಬರುತ್ತಿತ್ತೆಂದು ಇದರಿಂದ ಸ್ಪಷ್ಟ. ನಾವೂ ಹಾಳೆಯನ್ನು ಓರೆ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದೆವು. ಮಡಿಕೆಯ ಎಡಕ್ಕೆ ಉಳಿದ ತುಣುಕು 'ಅ' ಎಂದೇ ಮೋಡಿ ಬಲ್ಲ ಹಿರಿಯರ ಅಭಿಪ್ರಾಯ.

ಹೀಗೆ ನಮ್ಮ ಮನೆಯ ಕಥೆಯ ಮೂಲ ಸಿಕ್ಕಿತು. ಅದು ಜನಪದವಲ್ಲ, ಕಚೇರಿಗೆ ಕೊಟ್ಟ ಜವಾಬು. ಜಮೀನು ಉಳಿಸಿಕೊಳ್ಳಲು ಕಟ್ಟಿದ ಮುತ್ತಜ್ಜನು ಜಮೀನು ಹೋದ ಮೇಲೂ ಮನೆಯಲ್ಲಿ ಉಳಿದುಕೊಂಡ. ತಲೆಮಾರು ಕಳೆದಂತೆ ಗಡಿಯಜ್ಜನಲ್ಲಿ ಕರಗಿ ಒಬ್ಬನೇ ಆದ. ಊರಿಗೆ ಹೋದಾಗ ಹೆಳವರ ಮಾತೂ ಇದಕ್ಕೆ ಕೂಡಿ ಬಂತು. ಎತ್ತಿನ ಮೇಲೆ ಕುಳಿತು ಸುಗ್ಗಿಯಲ್ಲಿ ಬಂದು ಮನೆತನದ ಪೀಳಿಗೆ ಹೇಳಿ ಕಾಳು ಪಡೆದು ಹೋಗುವ ಹೆಳವರನ್ನು ನಮ್ಮ ಹಿರಿಯರು ಬಲ್ಲರು. ಈಗ ಅವರು ಪುಸ್ತಕವನ್ನೂ ಇಡುತ್ತಾರೆ. ನಮ್ಮ ಮನೆತನ ಈ ಊರಿಗೆ ಬಂದದ್ದೇ ಗಡಿಯಜ್ಜನ ಕಾಲದಲ್ಲಿ, ಹೊಳೆಯ ಆಚೆಯಿಂದ ಎಂದು ನಮ್ಮ ಹೆಳವ ಹೇಳಿದ. ಅವನಿಗೆ ಇನಾಮಿನ ಚಿಂತೆ ಇರಲಿಲ್ಲ, ಆದ್ದರಿಂದ ಅವನ ಮಾತಿಗೆ ತೂಕ ಹೆಚ್ಚು.

ಆಚೆಯ ದಂಡೆಯಿಂದ ಬಂದವನು ಎಂದ ಮೇಲೆ ಇನ್ನೊಂದು ಸಂಗತಿ ಬಿಚ್ಚಿಕೊಳ್ಳುತ್ತದೆ. 1800ರಿಂದ 1807ರವರೆಗೆ ಆ ದಂಡೆಯ ಕಲೆಕ್ಟರ ಇದೇ ಮನ್ರೋ. ಹೊಲ ಅಳೆಸಿ, ಒಕ್ಕಲಿಗನ ಹೆಸರಿಗೇ ತೆರಿಗೆ ಹಾಕಿದ ಅವನ ಪದ್ಧತಿಯನ್ನು ಅಜ್ಜ ಕಣ್ಣಾರೆ ಕಂಡಿರಬೇಕು. 1818ರಲ್ಲಿ ಮನ್ರೋ ಕೈಯಲ್ಲಿದ್ದ ಸೈನ್ಯ ತೀರ ಸ್ವಲ್ಪ. ಊರೂರಿಗೆ ಶಿಪಾಯಿಗಳನ್ನು ಕಳಿಸಿ, ಸ್ಥಳದ ಜನರ ಕೈಯಿಂದಲೇ ವಸೂಲಿ ನಡೆಸಿ, ಪೇಶ್ವೆಯ ಕೈಯಿಂದ ನಾಡನ್ನು ಬಿಡಿಸಿಕೊಂಡನು. ಲಗಾಮು ಹಿಡಿದ ಸಂಗತಿ ಎಲ್ಲಿಯೂ ಇಲ್ಲ. ಲೆಕ್ಕ ಒಪ್ಪಿಸಿದ ಸಂಗತಿ ಮಾತ್ರ ಇದೆ.

ಇದನ್ನು ಓದಿ ಕಾಕಾ ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ. "ಅಂವ ಸಾಹೇಬನ ಗುಲಾಮ ಅಂತೀರೇನು?" ಎಂದರು. ನಾವು ಹಾಗೆ ಅನ್ನುವುದಿಲ್ಲ. ಆರು ಸರಕಾರಗಳನ್ನು ಕಂಡ ದಂಡೆಯಲ್ಲಿ ಸುಂಕದಕಟ್ಟೆಯ ಕಾರಕೂನನು ಯಾವ ಸರಕಾರಕ್ಕೆ ನಿಷ್ಠನಾಗಿರಬೇಕಿತ್ತು? ಎತ್ತುಗಳು ಬರುತ್ತಿದ್ದವು, ಯಾರಾದರೂ ಎಣಿಸಬೇಕಿತ್ತು. ಅವನ ಮಗನ ಸುಳ್ಳಿನ ಬಗೆಗೂ ನಮಗೆ ಅಷ್ಟೇನೂ ನಾಚಿಕೆಯಿಲ್ಲ. ಅರವತ್ತು ವರ್ಷ ಎಡೆಬಿಡದ ಅನುಭೋಗವನ್ನು ಕೇಳಿದ ಕಾಯಿದೆ, ಅರವತ್ತು ವರ್ಷ ಒಂದೇ ದೊರೆಯನ್ನು ಕಾಣದ ಗಡಿಗೆ ಬರೆದದ್ದಲ್ಲ. ಈ ಕಮಿಶನ್ನಿನಲ್ಲಿ ಕೆಲಸ ಮಾಡಿದ್ದ ಮ್ಯಾನ್ಸನ್ ಸಾಹೇಬನನ್ನು 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ನರಗುಂದದವರು ಕೊಂದರು. ಅದೇ ಹೊತ್ತಿನಲ್ಲಿ ನಮ್ಮ ಮುಂಡರಗಿಯ ಭೀಮರಾಯ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ. ಆ ಸಿಟ್ಟಿನ ಹಿಂದೆ ಇಂಥ ಎಷ್ಟು ತೀರ್ಪುಗಳಿದ್ದವೋ.

1863ರಲ್ಲಿ ಇನ್ನೊಂದು ಕಾನೂನು ಬಂದು, ಇನ್ನೂ ತೀರ್ಮಾನವಾಗದ ಇನಾಮುಗಳವರು ಆಕಾರದ ಸ್ವಲ್ಪ ಭಾಗವನ್ನು ಮಾತ್ರ ಕಟ್ಟಿ ಭೂಮಿ ಉಳಿಸಿಕೊಳ್ಳುವಂತಾಯಿತು. ನಮ್ಮದು ತೀರ್ಮಾನವಾಗಿ ಏಳು ವರ್ಷವಾಗಿತ್ತು. ಧಾತು ಸಂವತ್ಸರದ ಬರ, 1876ರದ್ದು, ಬಂದು ಹೋದ ಮೇಲೆ ಸಾಲಕ್ಕೆ ಹೊಲ ಹೋಯಿತು. ಖರೀದಿಪತ್ರದ ವರ್ಷ 1878. ಪಂಚಾಂಗ ನೋಡಿದೆವು, ಮತ್ತೆ ಬಹುಧಾನ್ಯ. ಆ ಮೇಲೆ ನಮ್ಮವರು ಗದುಗಿಗೆ ಬಂದರು, ಅಲ್ಲಿಂದ ನೌಕರಿ ಹಿಡಿದು ಒಬ್ಬೊಬ್ಬರೇ ಊರು ಬಿಟ್ಟರು. ನಮ್ಮನ್ನು ಪುಣೆಗೆ ತಂದದ್ದು ಕೇಂದ್ರ ಸರಕಾರದ ವರ್ಗಾವಣೆಯ ಒಂದು ಕಾಗದ.

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಇಂಥ ಟ್ರಂಕುಗಳು ಇನ್ನೂ ಇವೆ. ಕೆಲವರು ಹಳೆಯ ಕಾಗದಕ್ಕೆ ಪ್ಲಾಸ್ಟಿಕ್ಕು ಹಾಕಿಸಿ ಬಿಸಿಯಲ್ಲಿ ಒತ್ತಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿರಿ, ಶಾಯಿ ಹೋಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಮಡಿಕೆ ಬಿಡಿಸಿ ಹತ್ತಿಯ ಬಟ್ಟೆಯಲ್ಲಿ ಚಪ್ಪಟೆಯಾಗಿ ಇಟ್ಟರೆ ಸಾಕು. ಮೋಡಿ ಓದಲು ಬಾರದಿದ್ದರೂ ತಾರೀಖಿನ ಸಾಲನ್ನು ಬಲ್ಲವರಿಗೆ ತೋರಿಸಿರಿ. ನಾಸಿಕ, ತ್ರ್ಯಂಬಕಗಳ ತೀರ್ಥಪುರೋಹಿತರ ವಹಿಗಳಲ್ಲಿ ಹಿರಿಯರ ಹೆಸರು, ಕೆಲವೊಮ್ಮೆ ರುಜುವೂ ಸಿಗುತ್ತದೆ. ಅವು ಇಲ್ಲಿಂದ ದೂರವೇನಲ್ಲ.

ಕಡತದ ವಿಷಯ ಉಳಿಯಿತು. ಅದರಲ್ಲಿ ಸುಂಕದಕಟ್ಟೆಯ ಲೆಕ್ಕವಿದೆ, ಕನ್ನಡದಲ್ಲಿ, ಅಂಕೆಗಳೂ ಕನ್ನಡದವೇ. ಹೆಚ್ಚಿನ ಭಾಗ ಒರೆಸಿಹೋಗಿದೆ. ಉಪ್ಪಿನ ಎತ್ತು ಇಷ್ಟು, ಅರಳೆಯ ಎತ್ತು ಇಷ್ಟು, ಎಣ್ಣೆಯ ಗಡಿಗೆ ಇಷ್ಟು ಎಂದು ದಿನದ ಸಾಲುಗಳು. ವರ್ಷ ಯಾವುದೆಂದಿಲ್ಲ. ಆಷಾಢದಲ್ಲಿ ಒಂಬತ್ತು ದಿನ ಒಂದೇ ಒಕ್ಕಣೆ ಇದೆ. ಬಳಪದ ಗೆರೆ ಅಲ್ಲಿ ಮಾತ್ರ ದಪ್ಪವಾಗಿದೆ: 'ಹೊಳೆ ಬಂದಿದೆ. ಹರಿಗೋಲು ಇಲ್ಲ. ಸುಂಕ ಇಲ್ಲ.'