ಕೆರೆಯ ಬಸವನಹುಳು

ಬಸವನಹುಳು ಎಂದೊಡನೆ ನಮ್ಮ ಪಟ್ಟಣಿಗರಿಗೆ ಮಳೆಗಾಲದಲ್ಲಿ ಕಾಂಪೌಂಡಿನ ಗೋಡೆ ಹತ್ತುವ ಬಡಪ್ರಾಣಿ ನೆನಪಾಗುತ್ತದೆ. ಕೆರೆಯ ನೀರಿನಲ್ಲಿಯೂ ಅದರ ಬಂಧುಬಳಗ ಉಂಟು. ಆ ಬಳಗದಲ್ಲಿ ಯಾರು ಯಾರೆಂದು ತಿಳಿಯಲು ಒಮ್ಮೆ ದೊಡ್ಡ ಹುಡುಕಾಟವೇ ನಡೆದಿತ್ತು.

ಮೂತ್ರದಲ್ಲಿ ರಕ್ತ ಬೀಳುವ ಬಿಲ್ಹಾರ್ಜಿಯ ರೋಗ ಈಜಿಪ್ಟಿಗೆ ಹಳೆಯದು. ಅದರ ಹುಳು ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹೋಗುವುದಿಲ್ಲ, ನಡುವೆ ನೀರಿನ ಬಸವನಹುಳುವಿನ ಹೊಟ್ಟೆಯಲ್ಲಿ ಕೆಲವು ವಾರ ಬೆಳೆಯಬೇಕು. ಇದನ್ನು ಜಪಾನಿನ ಮಿಯಾಯಿರಿ, ಸುಜುಕಿ 1913ರಲ್ಲಿಯೂ, ಈಜಿಪ್ಟಿನಲ್ಲಿ ಲೀಪರ್ 1915ರಲ್ಲಿಯೂ ತೋರಿಸಿಕೊಟ್ಟರು. ಅದೇ ಕಾಲಕ್ಕೆ ನಮ್ಮ ಸಿಪಾಯಿಗಳು ಈಜಿಪ್ಟು, ಮೆಸೊಪೊಟೇಮಿಯಗಳಲ್ಲಿ ಯುದ್ಧ ಮಾಡುತ್ತಿದ್ದರು. ಅವರು ರೋಗವನ್ನು ಹೊತ್ತು ಊರಿಗೆ ಬಂದರೆ ನಮ್ಮ ಕೆರೆಗಳ ಗತಿಯೇನು?

1916ರಲ್ಲಿ ಹುಟ್ಟಿದ ಪ್ರಾಣಿಸರ್ವೇಕ್ಷಣ ಸಂಸ್ಥೆಯ ಅನ್ನಂಡೇಲ್ ಮತ್ತು ಸೆವೆಲ್ ದೇಶದ ಸಿಹಿನೀರಿನ ಬಸವನಹುಳುಗಳನ್ನು ಪರೀಕ್ಷಿಸಿದರು. ಸೆವೆಲ್ಲರ ಗ್ರಂಥ 1922ರಲ್ಲಿ ಹೊರಬಂತು. ರೋಗದ ಹುಳು ಕಂಡ ಕಂಡ ಬಸವನಹುಳುವಿನಲ್ಲಿ ಬದುಕದು. ಈಜಿಪ್ಟಿನಲ್ಲಿ ಅದಕ್ಕೆ ಮನೆಯಾದ ಜಾತಿಗಳು ನಮ್ಮಲ್ಲಿಲ್ಲ. ನಮ್ಮನ್ನು ಕಾಪಾಡಿದ್ದು ವೈದ್ಯವಲ್ಲ, ಈ ಜಾತಿಭೇದ!

ಆದರೂ ನಿಶ್ಚಿಂತೆಗೆ ಎಡೆಯಿರಲಿಲ್ಲ. 1952ರಲ್ಲಿ ಗಾಡ್ಗೀಳ್ ಮತ್ತು ಶಾ ಎಂಬ ವೈದ್ಯರು ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ ಇಂಥದೇ ರೋಗವನ್ನು ಕಂಡರು. ಅಲ್ಲಿ ಅವರು ಗುರುತಿಸಿದ ವಾಹಕ ಫೆರಿಸ್ಸಿಯ ಎಂಬುದು. ಸುರುಳಿಯೇ ಇಲ್ಲದ, ಪುಟ್ಟ ಟೊಪ್ಪಿಯಂಥ ಚಿಪ್ಪು, ಅಕ್ಕಿಕಾಳಿನಷ್ಟು ಗಾತ್ರ. ಹುಡುಕುವ ಕಣ್ಣಿಲ್ಲದವನಿಗೆ ಅದು ಕಾಣುವುದೇ ಇಲ್ಲ.

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯ ಕಡೆಗೆ ಹೋದಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ನಮ್ಮ ಕೆರೆ ಕಟ್ಟೆಗಳಲ್ಲಿ ಸಾಮಾನ್ಯವಾದದ್ದು ಟಗರಿನ ಕೊಂಬಿನಂತೆ ಚಪ್ಪಟೆಯಾಗಿ ಸುತ್ತಿಕೊಂಡ, ಬಾಯಿಗೆ ಮುಚ್ಚಳವಿಲ್ಲದ ಕಂದುಬಣ್ಣದ ಇಂಡೋಪ್ಲಾನಾರ್ಬಿಸ್. ಇದು ಮನುಷ್ಯನ ಬಿಲ್ಹಾರ್ಜಿಯಕ್ಕೆ ಮನೆಯಲ್ಲ, ದನಗಳ ಪಾಲಿಗೆ ಮಾತ್ರ ಶನಿ. ಮೂಗು ಕಟ್ಟಿ ಗೊರಗೊರ ಸದ್ದು ಮಾಡುವ ಗೊರಕೆ ರೋಗದ ಹುಳುವನ್ನು ಮದರಾಸು ಪ್ರಾಂತದಲ್ಲಿ ರಾವ್ ಅವರು 1933ರಲ್ಲಿ ವರ್ಣಿಸಿದರು. ಅದು ಬೆಳೆಯುವುದು ಇದರೊಳಗೆ. ದನಗಳ ಇಂಥ ಹುಳುಗಳ ಮರಿ ಗದ್ದೆಯಲ್ಲಿ ನಾಟಿ ಹಾಕುವವರ ಚರ್ಮವನ್ನೂ ಹೊಗುತ್ತದೆ. ಅಲ್ಲಿಯೇ ಸತ್ತು, ಬರಿಯ ತುರಿ ಗುಳ್ಳೆಗಳನ್ನು ಬಿಡುತ್ತದೆ. ಕೆಸರಿನ ತುರಿಯೆಂದು ಹೆಂಗಸರು ಎಣ್ಣೆ ಸವರಿಕೊಂಡು ಸುಮ್ಮನಾಗುತ್ತಾರೆ. ಇನ್ನೊಂದು ಜಾತಿಯಾದ ಲಿಮ್ನಿಯ, ದನಕುರಿಗಳ ಪಿತ್ತಜನಕಾಂಗದ ಹುಳುವಿಗೆ ಮನೆ.

ಹಾಗೆಂದು ಮೈಲುತುತ್ತ ಸುರಿದು ಕೆರೆಯನ್ನೆಲ್ಲ ಶುದ್ಧಿ ಮಾಡಹೊರಡುವುದು ಹುಚ್ಚುತನ. ಮೀನೂ ಸಾಯುತ್ತದೆ, ನಿಂಬೆಹಣ್ಣಿನಷ್ಟು ದಪ್ಪನಾದ, ಮುಚ್ಚಳವುಳ್ಳ ನಿರುಪದ್ರವಿ ಪೈಲವೂ ಸಾಯುತ್ತದೆ. ಬಾಯ್ಕಳಕ ಕೊಕ್ಕರೆಗೆ ಅದೇ ಊಟ. ಅದರ ಕೊಕ್ಕಿನ ನಡುವಿನ ಸಂದು ಈ ಚಿಪ್ಪಿನ ಬೇಟೆಗೆಂದೇ ಆದದ್ದೆನ್ನುತ್ತಾರೆ.