ಖಂಡಸ್ಫುಟಿತ ಜೀರ್ಣೋದ್ಧಾರ: ಹೆಂಜೇರಿನ ನೆಲದಲ್ಲಿ ಒಂದು ವಿಚಾರ

ಮಡಕಶಿರಾ ತಾಲ್ಲೂಕು ಭೂಪಟದಲ್ಲಿ ಕನ್ನಡನಾಡಿನ ಒಡಲೊಳಕ್ಕೆ ಚಾಚಿಕೊಂಡಿರುವ ಒಂದು ಕೈಯಂತೆ ತೋರುತ್ತದೆ. ಆ ತಾಲ್ಲೂಕಿನ ಅಮರಾಪುರದ ಸೆರಗಿನಲ್ಲಿರುವ ಹೇಮಾವತಿಯು ಇಂದು ಒಂದು ಸಾಮಾನ್ಯ ಗ್ರಾಮ. ಆದರೆ ಶಾಸನಗಳು ಇದನ್ನು ಪೆಂಜೇರು, ಹೆಂಜೇರು ಎಂದು ಕರೆದು, ನೊಳಂಬವಾಡಿ ಮೂವತ್ತೆರಡು ಸಾಸಿರದ ರಾಜಧಾನಿಯ ಗೌರವವನ್ನು ಇದಕ್ಕೆ ಸಲ್ಲಿಸಿವೆ. ಇಂದಿನ ಚಿತ್ರದುರ್ಗ, ತುಮಕೂರು, ಕೋಲಾರ, ಬಳ್ಳಾರಿ, ಅನಂತಪುರ, ಧರ್ಮಪುರಿಗಳ ಹಲವು ಭಾಗಗಳು ಆ ನಾಡಿನಲ್ಲಿ ಅಡಕವಾಗಿದ್ದುವು. ಮಹೇಂದ್ರ, ಅಯ್ಯಪದೇವ, ಅಣ್ಣಿಗ, ದಿಲೀಪ ಮೊದಲಾದ ಅರಸರು ಇಲ್ಲಿಂದ ಆಳಿದರು. ನೊಳಂಬರ ತರುವಾಯ ನಿಡುಗಲ್ಲಿನ ಚೋಳರೂ ಹೆಂಜೇರನ್ನು ತಮ್ಮದೆಂದು ಹೇಳಿಕೊಂಡರು. ರಾಜ್ಯಗಳ ಗಡಿಗಳು ಪುನಃ ಪುನಃ ಬದಲಾದುವು. ಮದರಾಸು ಪ್ರಾಂತದಲ್ಲಿದ್ದ ಊರು 1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿತು. 2022ರಲ್ಲಿ ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಊರಿನ ಕಲ್ಲುಗಳ ಮಾತು ಮಾತ್ರ ಬದಲಾಗಲಿಲ್ಲ. ಅದು ಕನ್ನಡವಾಗಿಯೇ ಉಳಿದಿದೆ.

ಈ ಊರಿನ ದೊಡ್ಡೇಶ್ವರ, ಸಿದ್ಧೇಶ್ವರ, ಮಲ್ಲೇಶ್ವರ ದೇವಾಲಯಗಳ ಶಿಲ್ಪವೈಭವವನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಕರಿಯ ಕಲ್ಲಿನ ನುಣುಪು, ಕಂಬಗಳ ಕುಸುರಿ, ಜಾಲಂಧ್ರಗಳ ಕೆತ್ತನೆ, ಲಿಂಗರೂಪದಲ್ಲಲ್ಲದೆ ಮಾನವಾಕಾರದಲ್ಲಿ ಕುಳಿತಿರುವ ಹೆಂಜೇರಪ್ಪನ ಮೂರ್ತಿ, ಇವನ್ನು ಕಂಡವರೇ ಬಲ್ಲರು. 1958ರಲ್ಲಿ ಡಗ್ಲಾಸ್ ಬ್ಯಾರೆಟ್ ಎಂಬ ವಿದ್ವಾಂಸರು ಹೇಮಾವತಿಯನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು, 1964ರಲ್ಲಿ ಸಿ. ಶಿವರಾಮಮೂರ್ತಿಯವರು ಮದರಾಸಿನ ವಸ್ತುಸಂಗ್ರಹಾಲಯದಲ್ಲಿರುವ ನೊಳಂಬ ಶಿಲ್ಪಗಳನ್ನು ಕುರಿತು ಬರೆದರು. ತಂಜಾವೂರಿಗೆ ಸಮೀಪದ ತಿರುವೈಯಾರಿನ ದೇವಾಲಯದಲ್ಲಿ ಇಂದಿಗೂ ನೊಳಂಬರ ಕಂಬಗಳು ನಿಂತಿವೆ. ಚೋಳರು ಅವನ್ನು ಗೆಲುವಿನ ಕುರುಹಾಗಿ ಕೊಂಡೊಯ್ದರೆಂದು ವಿದ್ವಾಂಸರು ಹೇಳುತ್ತಾರೆ. ಹೀಗೆ ನಮ್ಮೂರಿನ ಕಲ್ಲುಗಳಿಗೆ ಹೊರಗೆ ಮನ್ನಣೆಯುಂಟು. ಊರಿನಲ್ಲಿ ಉಳಿದಿರುವುದನ್ನು ಕಾಯಲು ಹಣವೆಲ್ಲಿಂದ ಬರಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಈ ಪ್ರಶ್ನೆಗೆ ಮೊದಲ ಉತ್ತರವನ್ನು ನಮ್ಮ ಶಾಸನಗಳೇ ಕೊಟ್ಟಿವೆ.

ದಾನಶಾಸನಗಳನ್ನು ಓದುವವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪದಪುಂಜವು ಚಿರಪರಿಚಿತವಾದುದು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಹಳತಾಗಿ ಸವೆದುದು. ಈ ಮೂರನ್ನೂ ಮತ್ತೆ ನೆಟ್ಟಗೆ ಮಾಡುವ ಕಾರ್ಯಕ್ಕಾಗಿ ಭೂಮಿಯನ್ನೋ, ಸುಂಕವನ್ನೋ, ಊರನ್ನೋ ಬಿಟ್ಟುಕೊಡುತ್ತಿದ್ದರು. ಪೂಜೆ, ನೈವೇದ್ಯ, ನಂದಾದೀಪ, ತಪಸ್ವಿಗಳ ಆಹಾರದಾನ ಇವುಗಳ ಸಾಲಿನಲ್ಲಿಯೇ ರಿಪೇರಿಯ ವೆಚ್ಚವೂ ಕುಳಿತಿರುವುದನ್ನು ಗಮನಿಸಬೇಕು. ಕಟ್ಟಡವು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ, ವರ್ಷ ವರ್ಷವೂ ಕಟ್ಟುತ್ತಿರಬೇಕಾದುದು ಎಂಬ ತಿಳಿವಳಿಕೆ ನಮ್ಮ ಹಿರಿಯರಲ್ಲಿತ್ತು.

ನೊಳಂಬರ ಕಾಲದ್ದೇ ಒಂದು ನಿದರ್ಶನವನ್ನು ನೋಡಬಹುದು. ಇಂದು ತಮಿಳುನಾಡಿನಲ್ಲಿರುವ ಧರ್ಮಪುರಿಗೆ ಅಂದು ತಗಡೂರೆಂದು ಹೆಸರು. ಅಲ್ಲಿಯ ಶಕವರ್ಷ 815ರ, ಎಂದರೆ ಕ್ರಿ.ಶ. 893ರ, ಕನ್ನಡ ಸ್ತಂಭಶಾಸನವು ಮಹೇಂದ್ರ ನೊಳಂಬನ ಆಳ್ವಿಕೆಯದು. ನಿಧಿಯಣ್ಣ, ಚಂಡಿಯಣ್ಣ ಎಂಬ ವರ್ತಕ ಸಹೋದರರಿಬ್ಬರು ಅಲ್ಲಿ ಒಂದು ಬಸದಿಯನ್ನು ಕಟ್ಟಿಸಿದರು. ನಿಧಿಯಣ್ಣನು ಅರಸನಿಂದ ಮೂಲಪಳ್ಳಿ ಎಂಬ ಗ್ರಾಮವನ್ನು ಪಡೆದು, ಬಸದಿಯ ಜೀರ್ಣೋದ್ಧಾರಾದಿ ಕಾರ್ಯಗಳಿಗಾಗಿ ಅದನ್ನು ಕನಕಸೇನ ಸಿದ್ಧಾಂತ ಭಟಾರರ ವಶಕ್ಕೊಪ್ಪಿಸಿದನು. ಕಟ್ಟಿದವರು ವರ್ತಕರು, ಆದಾಯದ ಮೂಲವನ್ನು ಒದಗಿಸಿದವನು ಅರಸ, ನಿರ್ವಹಿಸುವ ಹೊಣೆ ಹೊತ್ತವರು ಯತಿಗಳು. ಯಾರೊಬ್ಬರ ಹೆಗಲ ಮೇಲೂ ಪೂರ್ಣ ಭಾರ ಬೀಳದಂತೆ ಮೂರು ಕೈಗಳು ಕೂಡಿದುವು.

ಈ ಏರ್ಪಾಡಿನ ಗುಟ್ಟು ಸರಳವಾದುದು. ಮೂಲಧನವನ್ನು ಮುಟ್ಟದೆ ಅದರ ಫಲವನ್ನು ಮಾತ್ರ ವ್ಯಯ ಮಾಡುವುದು ಮೊದಲನೆಯ ನಿಯಮ. ಭೂಮಿಯೇ ಮೂಲಧನ, ಬೆಳೆಯೇ ಬಡ್ಡಿ. ಕೆರೆಗಳಿಗೂ ಇದೇ ನ್ಯಾಯ ಸಲ್ಲುತ್ತಿತ್ತು. ಕೆರೆಯನ್ನು ಕಟ್ಟಿದವನಿಗೆ, ಕಾಯುವವನಿಗೆ ಅದರ ನೀರಿನಿಂದ ಬೆಳೆಯುವ ಗದ್ದೆಯಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆಗಳು ದೊರೆಯುತ್ತಿದ್ದುವು. ಕೆರೆ ಒಡೆದರೆ ಕಾವಲುಗಾರನ ಅನ್ನವೂ ಒಡೆಯುತ್ತಿತ್ತು. ಆದುದರಿಂದ ಅವನು ಕೆರೆಯನ್ನು ಕಾಯುತ್ತಿದ್ದನು. ದಾನದ ವಿವರವನ್ನು ಎಲ್ಲರ ಕಣ್ಣಿಗೆ ಬೀಳುವ ಕಲ್ಲಿನ ಮೇಲೆ ಬರೆಯಿಸುವುದು ಎರಡನೆಯ ನಿಯಮ. ಕೊಟ್ಟುದನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವನ್ನು ಕೊನೆಯಲ್ಲಿ ಸೇರಿಸುವುದು ಮೂರನೆಯದು. ಲೆಕ್ಕ ಪರಿಶೋಧಕರಿಲ್ಲದ ಕಾಲದಲ್ಲಿ ಶಾಪವೇ ಲೆಕ್ಕಪರಿಶೋಧನೆಯ ಕೆಲಸ ಮಾಡುತ್ತಿತ್ತೆಂದರೆ ತಪ್ಪಾಗಲಾರದು.

ಈ ಸರಪಳಿಯು ಒಂದೇ ದಿನ ಕಡಿಯಲಿಲ್ಲ. ಮದರಾಸು ಸರಕಾರವು 1817ರ ಕಾಯಿದೆಯ ಮೂಲಕ ದತ್ತಿಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡಿತು. 1863ರ ಕಾಯಿದೆಯ ತರುವಾಯ ಆ ಹೊಣೆಯಿಂದ ಹಿಂದೆ ಸರಿಯಿತು. ಇನಾಂ ಕಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಾನ್ಯದ ಭೂಮಿಗಳನ್ನೆಲ್ಲ ಕಾಗದಕ್ಕಿಳಿಸಿದರು. 1956ರಲ್ಲಿ ಆಂಧ್ರದ ಇನಾಂ ರದ್ದಿಯಾತಿ ಶಾಸನವೂ, ಅದರ ಹಿಂದಿನ ವರ್ಷ ಮೈಸೂರಿನ ಧಾರ್ಮಿಕ ಇನಾಂ ರದ್ದಿಯಾತಿ ಶಾಸನವೂ ಬಂದುವು. ಉಳುವವನಿಗೆ ಭೂಮಿಯ ಮೇಲೆ ಹಕ್ಕು ದೊರೆತುದು ನ್ಯಾಯವೇ, ಅದನ್ನು ಆಕ್ಷೇಪಿಸಲಾಗದು. ಆದರೆ ಬಿರಿದ ಗೋಡೆಗೆ ಗಾರೆ ಹಚ್ಚುತ್ತಿದ್ದ ಹಣದ ಊಟೆಯು ಅನೇಕ ಕಡೆ ಬತ್ತಿತೆಂಬುದನ್ನೂ ಮರೆಯಲಾಗದು.

ದೇವಾಲಯಗಳಿಗಾದರೂ ದತ್ತಿಯ ಇತಿಹಾಸವಿದೆ. ಹಳೆಯ ಮನೆಗಳಿಗೆ ಅದೂ ಇಲ್ಲ. ನಮ್ಮ ಸೀಮೆಯ ಮಾಳಿಗೆಮನೆಗಳನ್ನು ನೆನೆಯಿರಿ. ಕಲ್ಲುಮಣ್ಣಿನ ದಪ್ಪ ಗೋಡೆ, ಮರದ ಕಂಬ, ತೊಲೆಗಳ ಮೇಲೆ ಹಲಗೆ, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಮಳೆನೀರನ್ನು ಒಳಗಿಳಿಯಗೊಡದ ಚೌಳುಮಣ್ಣಿನ ಹೊದಿಕೆ. ಮುಂಗಾರಿಗೆ ಮೊದಲೇ ಚೌಳನ್ನು ಹೊಸದಾಗಿ ಹರಡುವುದು ಮನೆಯವರ ಕರ್ತವ್ಯವಾಗಿತ್ತು. ಅವಿಭಕ್ತ ಕುಟುಂಬದ ದುಡಿಮೆಯೇ ಆ ಮನೆಗಳ ಖಂಡಸ್ಫುಟಿತ ದತ್ತಿ. ಕುಟುಂಬ ಒಡೆದು, ಮನೆಯು ನಾಲ್ಕಾರು ಪಾಲಾಗಿ, ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಚೌಳು ಹಾಕುವವರಾರು? ಎರಡು ಮಳೆಗಾಲ ಬಿಟ್ಟರೆ ತೊಲೆ ಕೊಳೆಯುತ್ತದೆ. ಮೂರನೆಯದಕ್ಕೆ ಮಾಳಿಗೆ ಕುಸಿಯುತ್ತದೆ.

ಹೇಮಾವತಿಯಂತಹ ಊರಿನಲ್ಲಿ ಇನ್ನೊಂದು ತೊಡಕೂ ಉಂಟು. 1958ರ ಪ್ರಾಚೀನ ಸ್ಮಾರಕಗಳ ಶಾಸನಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕೂಡದು. ಇರುವ ಮನೆಯ ದುರಸ್ತಿಗೂ ಅನುಮತಿ ಪಡೆಯಬೇಕು. ಅನುಮತಿಯ ಅರ್ಜಿಗೆ ಅಂಜಿ ಮನೆಯನ್ನು ಬೀಳಬಿಡುವವರುಂಟು. ದುರಸ್ತಿಗೆ ಕಾನೂನು ಬಾಗಿಲು ಮುಚ್ಚಿಲ್ಲವೆಂಬುದನ್ನು ಊರವರಿಗೆ ತಿಳಿಸಿ, ಅರ್ಜಿ ಬರೆದುಕೊಡುವುದೇ ಒಂದು ಸೇವೆ.

ಇನ್ನು ಹಣದ ಮಾತು. ಖಾಸಗಿ ಮನೆಗೆ ಖಾಸಗಿ ಮನೆಯಾಗಿಯೇ ಸಾರ್ವಜನಿಕ ಹಣ ದೊರೆಯುವುದು ಅಪರೂಪ. ಮನೆಯು ನಾಡಿನ ಸೊತ್ತೆಂದು ಜನ ಒಪ್ಪಿದಾಗ ಹಣ ಹರಿದು ಬಂದಿದೆ. ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಜರ ತೊಟ್ಟಿಯ ಮನೆಯು ಜೀರ್ಣೋದ್ಧಾರಗೊಂಡು ಕವಿಮನೆಯಾಗಿದೆ. 1992ರಲ್ಲಿ ಸ್ಥಾಪಿತವಾದ ಪ್ರತಿಷ್ಠಾನವು ಅದರ ಹೊಣೆ ಹೊತ್ತಿದೆ. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರ ಮನೆಯನ್ನು 2011ರಲ್ಲಿ ಕೆಡಹಲು ತೊಡಗಿದ್ದಾಗ ನಾಗರಿಕರು ದನಿಯೆತ್ತಿದುದರಿಂದ ಕೆಲಸ ನಿಂತಿತು. ಮನೆಯು ದುರಸ್ತಿಗೊಂಡು 2016ರಲ್ಲಿ ಜನರ ದರ್ಶನಕ್ಕೆ ತೆರೆಯಿತು. ಗಡಿನಾಡಿನವರಾದ ನಮಗೆ ಇವೆರಡಕ್ಕಿಂತ ಹತ್ತಿರವಾದುದು ಮಂಜೇಶ್ವರದ ನಿದರ್ಶನ. ರಾಷ್ಟ್ರಕವಿ ಗೋವಿಂದ ಪೈಗಳ ನಿವಾಸವಿದ್ದೆಡೆಯಲ್ಲಿ, ಅವರ ಕವನಸಂಕಲನದ ಹೆಸರಿನಲ್ಲಿಯೇ, 'ಗಿಳಿವಿಂಡು' ಸ್ಮಾರಕವು ತಲೆಯೆತ್ತಿ 2017ರಲ್ಲಿ ಉದ್ಘಾಟನೆಗೊಂಡಿತು. ಅದಕ್ಕೆ ಕೇರಳ, ಕರ್ನಾಟಕ ಸರಕಾರಗಳೆರಡೂ ನೆರವಾದುವು. ಗಡಿಯ ಎರಡು ಬದಿಯೂ ಒಂದೇ ಮನೆಗೆ ಹಣ ಕೊಡುವುದು ಸಾಧ್ಯವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಬಾಗಿಲು ತಟ್ಟಬಹುದಾದ ಸ್ಥಳಗಳು ಹಲವಿವೆ. 1996ರಲ್ಲಿ ಕೇಂದ್ರ ಸರಕಾರವು ಸ್ಥಾಪಿಸಿದ ರಾಷ್ಟ್ರೀಯ ಸಂಸ್ಕೃತಿ ನಿಧಿಯು ದಾನಿಗಳ ಹಣವನ್ನು ನಿರ್ದಿಷ್ಟ ಸ್ಮಾರಕಕ್ಕೆ ಸಲ್ಲಿಸಬಲ್ಲುದು. ದಾನಿಗೆ ಆದಾಯ ತೆರಿಗೆಯ ವಿನಾಯಿತಿಯುಂಟು. 1984ರಲ್ಲಿ ಆರಂಭವಾದ ಇಂಟ್ಯಾಕ್ ಸಂಸ್ಥೆಯು ಹಳೆಯ ಕಟ್ಟಡಗಳ ದಾಖಲೆ, ದುರಸ್ತಿಗಳಲ್ಲಿ ಪಳಗಿದ ತಜ್ಞರನ್ನು ಹೊಂದಿದೆ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಕರ್ನಾಟಕದಲ್ಲಿ ಸರಕಾರ, ಟ್ರಸ್ಟು, ಊರವರು ಮೂವರೂ ವೆಚ್ಚವನ್ನು ಹಂಚಿಕೊಳ್ಳುವ ಕ್ರಮದಿಂದ ಅನೇಕ ಪ್ರಾಚೀನ ದೇವಾಲಯಗಳನ್ನು ಎತ್ತಿ ನಿಲ್ಲಿಸಿದೆ. ತಗಡೂರಿನ ಮೂರು ಕೈಗಳ ನೀತಿ ಇಲ್ಲಿ ಮರಳಿ ಬಂದಂತಿದೆ. ಗಡಿನಾಡಿನ ಕನ್ನಡ ಕಾರ್ಯಗಳಿಗಾಗಿ ಕರ್ನಾಟಕದಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. ಆದರೆ ಇವರಾರೂ ಬರಿಗೈಯಲ್ಲಿ ಬಂದವನಿಗೆ ಹಣ ಕೊಡುವುದಿಲ್ಲ. ಸ್ವತ್ತಿನ ಪತ್ರ, ವಾರಸುದಾರರೆಲ್ಲರ ಒಪ್ಪಿಗೆ, ಅಳತೆಯ ನಕ್ಷೆ, ಛಾಯಾಚಿತ್ರ, ಅನುಭವಿಗಳಿಂದ ಮಾಡಿಸಿದ ಖರ್ಚಿನ ಅಂದಾಜು, ನೋಂದಾಯಿತ ಸಂಘ, ಊರವರು ಮೊದಲೇ ಕೂಡಿಸಿದ ಒಂದಿಷ್ಟು ಹಣ, ಇಷ್ಟಾದರೂ ಕೈಯಲ್ಲಿರಬೇಕು.

ನಮ್ಮಂತಹ ಕನ್ನಡ ಸಂಘಗಳು ಮಾಡಬಹುದಾದುದು ಇದೇ. ಊರೂರಿನ ಹಳೆಯ ಮನೆ, ಮಂಟಪ, ಬಾವಿಗಳ ಪಟ್ಟಿಯೊಂದನ್ನು ಮೊದಲು ಸಿದ್ಧಪಡಿಸೋಣ. ಹಳೆಯ ಗೋಡೆಯನ್ನು ಕೆಡಹುವಾಗ ಅಕ್ಷರವುಳ್ಳ ಕಲ್ಲು ಸಿಕ್ಕರೆ ಅದನ್ನು ಒಡೆಯದೆ ಇಲಾಖೆಗೆ ತಿಳಿಸುವಂತೆ ಹೇಳೋಣ. 1939ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಈ ಸೀಮೆಯ ಕನ್ನಡ ಶಾಸನಗಳು ಅಚ್ಚಾಗಿವೆ. ಅವನ್ನು ನಮ್ಮ ಶಾಲೆಯ ಮಕ್ಕಳಿಗೆ ಓದಿ ತೋರಿಸೋಣ. ಸಂಘದ ವಾರ್ಷಿಕ ಚಂದಾದಲ್ಲಿ ಒಂದು ಪಾಲನ್ನು ಜೀರ್ಣೋದ್ಧಾರದ ಮೂಲನಿಧಿಯೆಂದು ತೆಗೆದಿರಿಸಿ, ಅದರ ಬಡ್ಡಿಯನ್ನು ಮಾತ್ರ ವ್ಯಯಿಸುವ ನಿಯಮ ಮಾಡಿಕೊಳ್ಳೋಣ. ಮೊತ್ತವು ಚಿಕ್ಕದಾದರೂ ಚಿಂತೆಯಿಲ್ಲ. ಒಂದು ಮಾಳಿಗೆಯ ಮೇಲೆ ಒಂದು ವರ್ಷದ ಚೌಳು ಹರಡುವಷ್ಟಾದರೆ ಸಾಕು, ಆ ಮನೆ ಇನ್ನೊಂದು ಮಳೆಗಾಲವನ್ನು ತಡೆದುಕೊಳ್ಳುತ್ತದೆ. ಅಷ್ಟರಲ್ಲಿ ದೊಡ್ಡ ಬಾಗಿಲುಗಳನ್ನು ತಟ್ಟಲು ನಮಗೆ ಕಾಲಾವಕಾಶ ದೊರೆಯುತ್ತದೆ.